ಓದುಗರ ಪ್ರಶ್ನೆ: ಮಹಾಪ್ರಬಂಧ ಪುಸ್ತಕವಾಗುವುದು ಹೇಗೆ?

ಪ್ರಶ್ನೆ: ನನ್ನ ಪಿಎಚ್‌ಡಿ ಮಹಾಪ್ರಬಂಧ ಒಂದೂಕಾಲು ಲಕ್ಷ ಪದಗಳಷ್ಟಿದೆ. ಹಾಗೆಯೇ ಯಾವುದಾದರೂ ಯೂನಿವರ್ಸಿಟಿ ಪ್ರೆಸ್‌ಗೆ (ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆಗೆ) ಕಳಿಸಬಹುದೇ?

ಉತ್ತರ: ಬೇಡ. ಮೊದಲು ಹೋಗಬೇಕಾದದ್ದು ಪ್ರಪೋಸಲ್, ಜೊತೆಗೆ ಒಂದೆರಡು ಮಾದರಿ ಅಧ್ಯಾಯ. ಪುಸ್ತಕದ ವಾದ, ಅಧ್ಯಾಯವಾರು ಸಾರಾಂಶ, ಅಡಿಟಿಪ್ಪಣಿಗಳೂ ಸೇರಿದ ಪದಸಂಖ್ಯೆ, ಚಿತ್ರಗಳೆಷ್ಟು, ಪೂರ್ತಿ ಪ್ರತಿ ಯಾವಾಗ ಸಿದ್ಧ, ಇದೇ ವಿಷಯದ ಈಚಿನ ಪುಸ್ತಕಗಳಿಗಿಂತ ನಿಮ್ಮದು ಹೇಗೆ ಬೇರೆ, ಇವೆಲ್ಲ ಅದರಲ್ಲಿರಬೇಕು. ‘ಈ ವಿಷಯದ ಬಗ್ಗೆ ಯಾರೂ ಬರೆದಿಲ್ಲ’ ಎಂದು ಮಾತ್ರ ಬರೆಯಬೇಡಿ. ಸಂಪಾದಕರು ಅದನ್ನು ‘ಓದುವವರೂ ಇಲ್ಲ’ ಎಂದು ಓದಿಕೊಳ್ಳುತ್ತಾರೆ!

ಮಹಾಪ್ರಬಂಧವನ್ನು ಓದುವ ಪರೀಕ್ಷಕರಿಗೆ ನೀವು ಎಲ್ಲವನ್ನೂ ಓದಿದ್ದೀರಿ ಎಂಬ ಪುರಾವೆ ಬೇಕು. ಪುಸ್ತಕ ಕೊಳ್ಳುವವರಿಗೆ ಆ ಹಂಗಿಲ್ಲ. ಹಾಗಾಗಿ ‘ಪೂರ್ವ ಅಧ್ಯಯನಗಳ ಸಮೀಕ್ಷೆ’ ಎಂಬ ಅಧ್ಯಾಯವನ್ನು ಪೂರ್ತಿ ತೆಗೆದು, ಅಗತ್ಯವಿದ್ದಷ್ಟನ್ನು ಟಿಪ್ಪಣಿಗಳಿಗೆ ಇಳಿಸಿ. ಸಂಶೋಧನಾ ವಿಧಾನಕ್ಕೆ ಪೀಠಿಕೆಯಲ್ಲಿ ಎರಡು ಮೂರು ಪುಟ ಸಾಕು. ‘ಮುಂದಿನ ಅಧ್ಯಾಯದಲ್ಲಿ ಚರ್ಚಿಸಲಾಗುವುದು’, ‘ಹಿಂದೆ ಹೇಳಿದಂತೆ’ ಎಂಬ ವಾಕ್ಯಗಳನ್ನು ಹುಡುಕಿ ಹುಡುಕಿ ಕೀಳಿ. ಇಷ್ಟು ಮಾಡಿದರೆ ಪ್ರತಿ ಒಂದು ಲಕ್ಷದೊಳಗೆ ತಾನಾಗಿಯೇ ಇಳಿಯುತ್ತದೆ.

ಸಂಪಾದಕರಿಗೆ ಹಿಡಿಸಿದರೆ ಪ್ರತಿ ಸಾಮಾನ್ಯವಾಗಿ ಇಬ್ಬರು ವಿಷಯತಜ್ಞರಿಗೆ ಹೋಗುತ್ತದೆ. ಅವರ ಹೆಸರು ನಿಮಗೆ ತಿಳಿಯುವುದಿಲ್ಲ, ವರದಿ ಬರಲು ತಿಂಗಳುಗಳೇ ಬೇಕು. ವರದಿಗೆ ನೀವು ಕೊಡುವ ಲಿಖಿತ ಉತ್ತರವೂ ಪ್ರೆಸ್‌ನ ಸಮಿತಿಯ ಮುಂದೆ ಹೋಗುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಈ ಸಮಿತಿಯ ಸದಸ್ಯರಿಗೆ ‘ಡೆಲಿಗೇಟ್ಸ್’ ಎಂದೂ ಕೇಂಬ್ರಿಜ್‌ನಲ್ಲಿ ‘ಸಿಂಡಿಕ್ಸ್’ ಎಂದೂ ಹೆಸರು. ವಾಣಿಜ್ಯ ಪ್ರಕಾಶಕರಲ್ಲಿ ಇಲ್ಲದ ಮೆಟ್ಟಿಲು ಇದೇ. ಆ ಉತ್ತರದಲ್ಲಿ ಪ್ರತಿ ಆಕ್ಷೇಪಕ್ಕೂ ಏನು ಬದಲಿಸುತ್ತೀರಿ, ಏನನ್ನು ಬದಲಿಸುವುದಿಲ್ಲ, ಏಕೆ ಎಂದು ಬರೆಯಿರಿ. ಎಲ್ಲಕ್ಕೂ ತಲೆದೂಗುವ ಲೇಖಕರು ತಮ್ಮ ವಾದದ ಬಗ್ಗೆ ತಮಗೇ ಖಾತ್ರಿಯಿಲ್ಲದವರಂತೆ ಕಾಣುತ್ತಾರೆ.

ಪ್ರಶ್ನೆ: ಪ್ರೂಫ್, ಅಂದರೆ ಅಚ್ಚಿಗೆ ಮುನ್ನ ತಪ್ಪು ನೋಡಲು ಕಳಿಸುವ ಪುಟಗಳು, ಬಂದಿದೆ. ಎರಡು ಪ್ಯಾರಾ ಹೊಸದಾಗಿ ಸೇರಿಸಬೇಕೆನ್ನಿಸುತ್ತಿದೆ. ಒಪ್ಪುತ್ತಾರೆಯೇ?

ಉತ್ತರ: ಸೇರಿಸುವ ಕಾಲ ಮುಗಿದಿದೆ. ಅದಕ್ಕೆ ಅವಕಾಶವಿದ್ದದ್ದು ಕಾಪಿ ಎಡಿಟರ್ ಪ್ರತಿಯನ್ನು ತಿದ್ದಿ ನಿಮಗೆ ಕಳಿಸಿದ್ದಾಗ. ಪುಟ ಕಟ್ಟಿದ ಮೇಲೆ ಎರಡು ಪ್ಯಾರಾ ತುರುಕಿದರೆ ಆ ಅಧ್ಯಾಯದ ಉಳಿದ ಪುಟಗಳೆಲ್ಲ ಜರುಗುತ್ತವೆ, ಪದಸೂಚಿಯ (ಪುಸ್ತಕದ ಕೊನೆಯ ಇಂಡೆಕ್ಸ್‌ನ) ಪುಟಸಂಖ್ಯೆಗಳು ತಪ್ಪುತ್ತವೆ. ಮಿತಿ ಮೀರಿದ ತಿದ್ದುಪಡಿಯ ಖರ್ಚನ್ನು ಲೇಖಕರ ಮೇಲೆ ಹಾಕುವ ಷರತ್ತು ಎಷ್ಟೋ ಒಪ್ಪಂದಗಳಲ್ಲಿದೆ, ನಿಮ್ಮದನ್ನು ಒಮ್ಮೆ ನೋಡಿ. ತಪ್ಪು ಮಾಹಿತಿಯಿದ್ದರೆ ಖಂಡಿತ ತಿದ್ದಿ, ಆದರೆ ತೆಗೆದಷ್ಟೇ ಅಕ್ಷರಗಳ ಜಾಗದಲ್ಲಿ ಹೊಸದನ್ನು ಕೂರಿಸಿ.

ಪದಸೂಚಿಯನ್ನು ಬಹಳಷ್ಟು ಕಡೆ ಲೇಖಕರೇ ಮಾಡಬೇಕು, ಇಲ್ಲವೇ ಮಾಡಿಸಬೇಕು. ನಮೂದುಗಳ ಪಟ್ಟಿಯನ್ನು ಮೊದಲೇ ಸಿದ್ಧ ಮಾಡಿಟ್ಟು, ಪುಟಸಂಖ್ಯೆಗಳನ್ನು ಈಗ ತುಂಬಿ. ಒಂದು ನಮೂದಿನ ಮುಂದೆ ಏಳೆಂಟಕ್ಕಿಂತ ಹೆಚ್ಚು ಸಂಖ್ಯೆ ಸಾಲುಗಟ್ಟಿದರೆ ಉಪನಮೂದುಗಳಾಗಿ ಒಡೆಯಿರಿ.

ಪ್ರಶ್ನೆ: ಪುಸ್ತಕದ ಬಗ್ಗೆ ತಮ್ಮ ಜಾಲತಾಣಕ್ಕೆ ಲೇಖನ ಬರೆದುಕೊಡಿ ಎಂದು ಪ್ರೆಸ್‌ನವರು ಕೇಳಿದ್ದಾರೆ. ಪೀಠಿಕೆಯನ್ನೇ ಕತ್ತರಿಸಿ ಕೊಡಲೇ?

ಉತ್ತರ: ಪೀಠಿಕೆ ಇಡೀ ಪುಸ್ತಕದ ನಕ್ಷೆ, ಲೇಖನಕ್ಕೆ ಅದು ಭಾರ. ಪುಸ್ತಕದಿಂದ ಒಂದೇ ಒಂದು ದಾಖಲೆಯನ್ನೋ ಘಟನೆಯನ್ನೋ ಎತ್ತಿಕೊಂಡು 600ರಿಂದ 800 ಪದಗಳಲ್ಲಿ ಬರೆಯಿರಿ. ಲೇಖನ ಪುಸ್ತಕ ಬಿಡುಗಡೆಯಾಗುವ ಹೊತ್ತಿಗೆ ಬರುವಂತೆ ತಿಂಗಳ ಮುಂಚೆಯೇ ಕೊಡಿ. ಚಿತ್ರ ಹಾಕುವ ಮುನ್ನ ಅನುಮತಿ ಪತ್ರ ತೆಗೆದು ಓದಿ: ಮುದ್ರಿತ ಪುಸ್ತಕಕ್ಕೆಂದು ಪಡೆದ ಅನುಮತಿ ಜಾಲತಾಣಕ್ಕೆ ಅನ್ವಯಿಸಲೇಬೇಕೆಂದಿಲ್ಲ.

ಪ್ರಶ್ನೆ: ಇ-ಪುಸ್ತಕಕ್ಕೂ ಅದೇ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಸಾಕೇ?

ಉತ್ತರ: ಸಾಲದು. ಗಟ್ಟಿ ರಟ್ಟು, ಪೇಪರ್‌ಬ್ಯಾಕ್, ಇ-ಪುಸ್ತಕ ಮೂರಕ್ಕೂ ಬೇರೆ ಬೇರೆ 13 ಅಂಕಿಯ ಸಂಖ್ಯೆ ಬೇಕು, ಅದನ್ನು ಪ್ರೆಸ್‌ನವರೇ ಕೊಡುತ್ತಾರೆ.