ಮನೆಗೆ ಆಲ್-ಇನ್-ಒನ್ ಕಂಪ್ಯೂಟರ್: 22, 24, 27 ಇಂಚಿನಲ್ಲಿ ಯಾವುದು ಸರಿ?

ನಿಮ್ಮ ಪ್ರಶ್ನೆ ಓದಿದೆ. ಊರು ಯಾದಗಿರಿ, ಮನೆಗೆಲ್ಲ ಸೇರಿ ಒಂದೇ ಕಂಪ್ಯೂಟರ್, ಅದೂ ಸ್ಕ್ರೀನಿನೊಳಗೇ ಇಡೀ ಕಂಪ್ಯೂಟರ್ ಇರುವ ಆಲ್-ಇನ್-ಒನ್. ಹಗಲು ನಿಮ್ಮ ಟ್ಯಾಲಿ ಲೆಕ್ಕ, ಸಂಜೆ ಒಂಬತ್ತನೇ ಕ್ಲಾಸಿನ ಮಗಳ ಪಾಠ, ರಾತ್ರಿ ತಂದೆಯವರು ಪೇಪರ್ ಓದುತ್ತಾರೆ. ಭಾನುವಾರ ಕಲಬುರಗಿಗೆ ಬಂದು ತಗೊಂಡು ಹೋಗಬೇಕು ಅಂತಿದ್ದೀರಿ. ದುಡ್ಡು ಸ್ವಲ್ಪ ಜಾಸ್ತಿಯಾದರೂ 27 ಇಂಚೇ ಇರಲಿ ಅಂತ ಮನಸ್ಸು, ಅಲ್ವಾ?

ನಿಮಗೆ 24 ಸಾಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಅದಕ್ಕೂ ಮೊದಲು ಮೇಜು ಅಳೆಯಿರಿ.

ಕಲಬುರಗಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಅರ್ಜಿ, ಬ್ಯಾನರ್ ಎಲ್ಲ ಮಾಡುತ್ತೇನೆ. ನಾನೂ ನಿಮ್ಮ ಹಾಗೇ ಯೋಚನೆ ಮಾಡಿ 27 ಇಂಚಿನದು ತಂದಿದ್ದೆ. ಶೋರೂಮಿನಲ್ಲಿ ಅದು ಅಷ್ಟೇನೂ ದೊಡ್ಡದು ಅನಿಸಿರಲಿಲ್ಲ. ಅಲ್ಲಿ ನಾವು ನಾಲ್ಕು ಅಡಿ ದೂರ ನಿಂತು ನೋಡುತ್ತೇವೆ, ಪಕ್ಕದಲ್ಲೇ 43 ಇಂಚಿನ ಟಿವಿ ಉರೀತಿರುತ್ತದೆ. ಅದರ ಮುಂದೆ ಯಾವ ಕಂಪ್ಯೂಟರ್ ಆದರೂ ಚಿಕ್ಕದೇ. ನನ್ನ ಅಂಗಡಿಯಲ್ಲಿ ಮೇಜು ಅಂದರೆ ಗೋಡೆಗೆ ಹಚ್ಚಿ ಕೂರಿಸಿದ ಶಹಾಬಾದ್ ಫರ್ಸಿ ಕಲ್ಲು. ಅಗಲ ಒಂದೂವರೆ ಅಡಿ. ಹಿಂದೆ ಗಾಳಿ ಆಡಲಿಕ್ಕೆ ಜಾಗ, ಆಮೇಲೆ ಸ್ಟ್ಯಾಂಡ್, ಮುಂದೆ ಕೀಬೋರ್ಡ್. ಇಷ್ಟೆಲ್ಲ ಆದ ಮೇಲೆ ಕಣ್ಣಿಗೂ ಸ್ಕ್ರೀನಿಗೂ ಒಂದೂವರೆ ಅಡಿ ಕೂಡ ಉಳಿಯಲಿಲ್ಲ. ಎಡತುದಿ ನೋಡಿ ಬಲತುದಿ ನೋಡಬೇಕಾದರೆ ಕತ್ತೇ ತಿರುಗಿಸಬೇಕು. ವಾರದೊಳಗೆ ಕುತ್ತಿಗೆ ಹಿಡಿಯಿತು.

ಕುತ್ತಿಗೆ ನೋವಾದರೂ ತಡೆದುಕೊಳ್ಳಬಹುದಿತ್ತು. ನನಗೆ ನಿಜವಾಗಿ ಬುದ್ಧಿ ಬಂದದ್ದು ಒಂದು ಲಗ್ನಪತ್ರಿಕೆಯಿಂದ.

ಮೇಲೆ ಶರಣಬಸವೇಶ್ವರರ ಚಿತ್ರ, ಕೆಳಗೆ ಮನೆಯ ಹಿರಿಯರ ಹೆಸರುಗಳು. ಇಡೀ ಪುಟ ಕಾಣುವ ಹಾಗೆ ಇಟ್ಟುಕೊಂಡು ಎರಡು ಸಲ ಓದಿದೆ. ಮದುವೆ ಮನೆಯವರಿಗೂ ತೋರಿಸಿದೆ. 500 ಪ್ರತಿ ಪ್ರಿಂಟ್ ಆಗಿ ಬಂತು. ಮದುಮಗಳ ಅಜ್ಜಿಯ ಹೆಸರು 'ಮಲ್ಲಮ್ಮ' ಆಗಬೇಕಿತ್ತು, 'ಮಲ್ಲಮ' ಆಗಿತ್ತು. ಮಕಾರದ ಒತ್ತು ಬಿಟ್ಟು ಹೋಗಿತ್ತು. "ನಮ್ಮವ್ವನ ಹೆಸರ ಹಿಂಗ ಬರೀತಾರೇನ್ರಿ?" ಅಂತ ಮದುಮಗಳ ಅಪ್ಪ ಮೆಲ್ಲಗೆ ಕೇಳಿದರು. ಅವತ್ತೇ ರಾತ್ರಿ ನನ್ನ ದುಡ್ಡಲ್ಲಿ 500 ಮತ್ತೆ ಹೊಡೆಸಿಕೊಟ್ಟೆ.

ಅಷ್ಟು ದೊಡ್ಡ ಸ್ಕ್ರೀನಿನಲ್ಲಿ ಒತ್ತು ಯಾಕೆ ಕಾಣಲಿಲ್ಲ? ಅದು 27 ಇಂಚಿನದಾದರೂ ಫುಲ್ ಎಚ್‌ಡಿ. ಅಂದರೆ ಸ್ಕ್ರೀನಿನಲ್ಲಿ ಚಿತ್ರ ಮೂಡಿಸುವ ಚುಕ್ಕಿಗಳು (ಪಿಕ್ಸೆಲ್) ಅಡ್ಡ 1920, ಉದ್ದ 1080, ಒಟ್ಟು 20 ಲಕ್ಷ 73 ಸಾವಿರ. ಸಾಮಾನ್ಯವಾಗಿ ಸಿಗುವ 22 ಇಂಚಿನದರಲ್ಲೂ ಅಷ್ಟೇ, 24 ಇಂಚಿನದರಲ್ಲೂ ಅಷ್ಟೇ. ಸ್ಕ್ರೀನ್ ದೊಡ್ಡದಾದರೆ ಚುಕ್ಕಿಗಳೇ ದೊಡ್ಡವಾಗುತ್ತವೆ, ಹೊಸ ಚುಕ್ಕಿ ಒಂದೂ ಸೇರುವುದಿಲ್ಲ. ಮೆನು, ಪಟ್ಟಿ ಎಲ್ಲ ಬಿಟ್ಟು ಒಂದು ಎ4 ಪುಟಕ್ಕೆ ಮೇಲಿಂದ ಕೆಳಗೆ ಸುಮಾರು 850 ಚುಕ್ಕಿ ಸಿಕ್ಕೀತು. ಹಾಗಾದರೆ 12 ಪಾಯಿಂಟ್ ಅಕ್ಷರದ ಪೂರ್ತಿ ಎತ್ತರಕ್ಕೆ ಬರೀ ಹನ್ನೆರಡು ಚುಕ್ಕಿ. ಅದರಲ್ಲಿ ಒತ್ತಿನ ಪಾಲು ಮೂರೋ ನಾಲ್ಕೋ. ಇಂಗ್ಲಿಷ್ ಅಕ್ಷರ ಇಷ್ಟರಲ್ಲಿ ಹೇಗೋ ನಡೆದು ಹೋಗುತ್ತದೆ. ನಮ್ಮ ಕನ್ನಡಕ್ಕೆ ಕೆಳಗೊಂದು ಒತ್ತು, ಪಕ್ಕದಲ್ಲಿ ದೀರ್ಘ, ಕೆಲವು ಕಡೆ ಒತ್ತಿನ ಕೆಳಗೆ ಇನ್ನೊಂದು ಒತ್ತು. 'ಲಕ್ಷ್ಮೀ' ಅಂತ ಬರೆದು ನೋಡಿ, ಗೊತ್ತಾಗುತ್ತದೆ. ಕನ್ನಡ ಓದುವವರು ಇಂಚಿಗಿಂತ ಮೊದಲು ಚುಕ್ಕಿ ನೋಡಬೇಕು ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಆದ್ದರಿಂದ 27 ಬೇಕೇ ಬೇಕು ಅಂದರೆ ಡಬ್ಬಿಯ ಮೇಲೆ 2560 × 1440 ಅಂತ ಇರಬೇಕು. ಅದರಲ್ಲಿ 36 ಲಕ್ಷ 86 ಸಾವಿರ ಚುಕ್ಕಿ. ಬರೀ 1920 × 1080 ಇದ್ದರೆ ಬೇಡ. ಆಪಲ್‌ನ 24 ಇಂಚಿನ ಐಮ್ಯಾಕ್‌ನಲ್ಲಿ 1 ಕೋಟಿ 12 ಲಕ್ಷಕ್ಕೂ ಹೆಚ್ಚು ಚುಕ್ಕಿ ಇವೆ. ಅಕ್ಷರ ಅಚ್ಚು ಹಾಕಿದ ಹಾಗೆ ಕಾಣುತ್ತದೆ. ಬೆಲೆ ಬೇರೆ ಮಾತು.

ಈಗ ಅಳತೆಗೆ ಬರೋಣ. ಇಂಚು ಅಂದರೆ ಮೂಲೆಯಿಂದ ಮೂಲೆಗೆ, ಅದನ್ನು ಕೇಳಿದರೆ ಏನೂ ಅಂದಾಜಾಗುವುದಿಲ್ಲ. 22 ಅಂತ ಮಾರುವುದು ಹೆಚ್ಚಾಗಿ 21.5 ಇಂಚು, 24 ಅಂದರೆ ಹೆಚ್ಚಾಗಿ 23.8. ಸೆಂಟಿಮೀಟರ್ ಲೆಕ್ಕದಲ್ಲಿ 21.5ರದು ಸುಮಾರು 48 ಅಗಲ, 27 ಎತ್ತರ. 23.8ರದು 53 ಅಗಲ, 30 ಎತ್ತರ. 27ರದು 60 ಅಗಲ, 34 ಎತ್ತರ. ಹಳೇ ರಟ್ಟನ್ನು ಈ ಅಳತೆಗೆ ಕತ್ತರಿಸಿ ನಿಮ್ಮ ಮೇಜಿನ ಮೇಲೆ ನಿಲ್ಲಿಸಿ. ಗೋಡೆಗೆ ಅಂಟಿಸಬೇಡಿ, ಸ್ಟ್ಯಾಂಡ್ ಬರುವಷ್ಟು ಮುಂದಕ್ಕೆ ಇಡಿ. ನೀವು ದಿನಾ ಕೂರುವ ಕುರ್ಚಿಯಲ್ಲೇ ಕೂತು ಹತ್ತು ನಿಮಿಷ ನೋಡಿ. ಮಗಳನ್ನೂ ಕೂರಿಸಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಶೋರೂಮಿನಲ್ಲಿ ಸಿಗುವುದಿಲ್ಲ.

ಕಣ್ಣಿಂದ ಸ್ಕ್ರೀನಿಗೆ ಒಂದೂವರೆ ಅಡಿಯಷ್ಟೇ ಇದ್ದರೆ 22. ಎರಡು ಅಡಿ, ಅಂದರೆ ಕೈ ಚಾಚಿದರೆ ಬೆರಳ ತುದಿ ತಾಗುವಷ್ಟು ಇದ್ದರೆ 24. ಎರಡೂವರೆ ಅಡಿ ದಾಟಿದರೆ ಮಾತ್ರ 27ರ ಯೋಚನೆ ಮಾಡಿ. ನಾನು ಈಗ ಇಟ್ಟುಕೊಂಡಿರುವುದು 24. ಅದರ ಎತ್ತರ ಹೆಚ್ಚುಕಡಿಮೆ ಎ4 ಹಾಳೆಯ ಉದ್ದದಷ್ಟೇ ಇದೆ, ಹಾಳೆ 29.7 ಸೆಂಟಿಮೀಟರ್. ಹಾಳೆಯನ್ನು ಸ್ಕ್ರೀನಿಗೆ ಹಿಡಿದರೆ ಅಂಚಿಗೆ ಅಂಚು ಕೂಡುತ್ತದೆ. ಎಡಕ್ಕೆ ಟ್ಯಾಲಿ, ಬಲಕ್ಕೆ ಬಿಲ್ಲು ಇಟ್ಟುಕೊಂಡು ಕೆಲಸ ಮಾಡಲಿಕ್ಕೂ ಸಾಕು.

ತಂದೆಯವರಿಗೆ ಅಕ್ಷರ ದೊಡ್ಡದು ಬೇಕು ಅಂತ ದೊಡ್ಡ ಸ್ಕ್ರೀನ್ ತಗೋಬೇಡಿ. ವಿಂಡೋಸ್ ಸೆಟ್ಟಿಂಗಿನಲ್ಲಿ ಡಿಸ್‌ಪ್ಲೇ, ಅಲ್ಲಿ ಸ್ಕೇಲ್ ಅಂತ ಇರುತ್ತದೆ. ಅದನ್ನು 125 ಇಲ್ಲಾ 150 ಮಾಡಿಕೊಡಿ. ಅವರ ಹೆಸರಲ್ಲಿ ಬೇರೆ ಯೂಸರ್ ಮಾಡಿಟ್ಟರೆ ನಿಮ್ಮ ಸೆಟ್ಟಿಂಗ್ ಕೆಡುವುದಿಲ್ಲ. ಅವರು ದೂರದ್ದು, ಹತ್ತಿರದ್ದು ಎರಡೂ ಸೇರಿದ ಕನ್ನಡಕ ಹಾಕುತ್ತಾರಾ? ಹಾಗಿದ್ದರೆ ಇದು ಇನ್ನೂ ಮುಖ್ಯ. ಆ ಕನ್ನಡಕದಲ್ಲಿ ಓದುವ ಭಾಗ ಕೆಳಗಿರುತ್ತದೆ. ಸ್ಕ್ರೀನ್ ಎತ್ತರವಾದಷ್ಟೂ ಗದ್ದ ಮೇಲೆತ್ತಿ ಓದಬೇಕಾಗುತ್ತದೆ. ನಮ್ಮಪ್ಪ ಅಂಗಡಿಗೆ ಬಂದಾಗ 27ರ ಮುಂದೆ ಹಾಗೇ ಕೂರುತ್ತಿದ್ದರು, ನೋಡಲಿಕ್ಕೇ ಕಷ್ಟ ಆಗುತ್ತಿತ್ತು. ಎಷ್ಟೋ ಆಲ್-ಇನ್-ಒನ್‌ಗಳಲ್ಲಿ ಸ್ಟ್ಯಾಂಡ್ ಹಿಂದೆ ಮುಂದೆ ವಾಲುತ್ತದೆ ಅಷ್ಟೇ, ಮೇಲೆ ಕೆಳಗೆ ಆಗುವುದಿಲ್ಲ. ಅದನ್ನು ಕೈಯಿಂದಲೇ ಆಡಿಸಿ ನೋಡಿ ತಗೊಳ್ಳಿ.

ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕಿಲ್ಲ. ಕಿಟಕಿಗೆ ಎದುರಾಗಿ ಇಟ್ಟರೆ ಹೊಳಪಿನ ಸ್ಕ್ರೀನ್ ಕನ್ನಡಿಯೇ. ಹೊಳಪಿಲ್ಲದ ಮ್ಯಾಟ್ ಸ್ಕ್ರೀನ್ ಕೇಳಿ. ಗೋಡೆಯ ಗೂಡಿನೊಳಗೆ ಮಾತ್ರ ಕೂರಿಸಬೇಡಿ, ಬಿಸಿ ಹೊರಗೆ ಹೋಗಲಿಕ್ಕೆ ದಾರಿ ಇರುವುದಿಲ್ಲ. ಇದಕ್ಕೆ ಲ್ಯಾಪ್‌ಟಾಪ್ ಹಾಗೆ ಬ್ಯಾಟರಿಯೂ ಇಲ್ಲ. ಕರೆಂಟ್ ಹೋದ ತಕ್ಷಣ ಬಂದ್, ಟ್ಯಾಲಿ ಕೆಲಸದ ನಡುವೆ ಹಾಗಾದರೆ ಕಷ್ಟ. ಒಂದು ಚಿಕ್ಕ ಯುಪಿಎಸ್ ಜೊತೆಗೇ ತಗೊಳ್ಳಿ. 27 ಬಿಟ್ಟರೆ ಉಳಿಯುವ ದುಡ್ಡು ಅದಕ್ಕೂ, ರ‍್ಯಾಮ್ 16 ಜಿಬಿ ಮಾಡಿಸಲಿಕ್ಕೂ ಹಾಕಿ.

ಇನ್ನೊಂದು ಮಾತು. ಆಲ್-ಇನ್-ಒನ್‌ನಲ್ಲಿ ಸ್ಕ್ರೀನ್ ಮಾತ್ರ ಬದಲಾಯಿಸಲಿಕ್ಕೆ ಬರುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆದೆ. ಹಿಂದೆ ಎಚ್‌ಡಿಎಂಐ ಔಟ್, ಅಂದರೆ ಚಿತ್ರವನ್ನು ಬೇರೆ ಸ್ಕ್ರೀನಿಗೆ ಕಳಿಸುವ ಕಿಂಡಿ, ಇರುವುದನ್ನು ತಗೊಂಡರೆ, ಮುಂದೆ 24 ಸಾಲದು ಅನಿಸಿದಾಗ ಪಕ್ಕಕ್ಕೊಂದು ಮಾನಿಟರ್ ಜೋಡಿಸಬಹುದು. ಕೆಲವಕ್ಕೆ ಹೊರಗಿನ ಚಿತ್ರವನ್ನು ಒಳಗೆ ತರುವ ಎಚ್‌ಡಿಎಂಐ ಇನ್ ಅಷ್ಟೇ ಇರುತ್ತದೆ, ಕೇಳಿ ನೋಡಿ.

ಶನಿವಾರ ರಾತ್ರಿಯೊಳಗೆ ನಿಮ್ಮ ಮೇಜಿನ ಅಗಲ, ಕಿಟಕಿ ಯಾವ ಕಡೆ ಇದೆ ಅಂತ ಇಲ್ಲೇ ಬರೆಯಿರಿ. ನೋಡಿ ಹೇಳುತ್ತೇನೆ.