ಅಮ್ಮನ ಹೆಸರಿದ್ದ ಡಬ್ಬಿ

ನನ್ನ ಬಳಿ ಸಲಹೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಉಡುಪಿ ಕಡೆಯ ಕೆಥೊಲಿಕ್ ಹೆಂಗಸು, ಐವತ್ತು ದಾಟಿದವರು. ಬಂದದ್ದು ನಿದ್ರೆ ಬರುವುದಿಲ್ಲ ಅಂತ. ನಿಜ ವಿಷಯ ಹೊರಬಿದ್ದದ್ದು ಮೂರನೇ ಸಲ ಬಂದಾಗ. ಹಾಸಿಗೆ ಹಿಡಿದ ತಾಯಿಯನ್ನು ಕೊನೆಯ ಮೂರು ವರ್ಷ ಇವರೇ ನೋಡಿಕೊಂಡಿದ್ದರು. ತಾಯಿ ಉಯಿಲು ಬರೆಯದೆ ತೀರಿಕೊಂಡರು. ತೀರಿಕೊಂಡು ತಿಂಗಳಾದಾಗಿನ ಬಲಿಪೂಜೆ ಮುಗಿದು ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ತಮ್ಮ ಎಲ್ಲರಿಗೂ ಕೇಳುವಂತೆ ಹೇಳಿದನಂತೆ, “ಮದುವೆಯಾಗಿ ಹೋದವಳಿಗೆ ಈ ಮನೇಲಿ ಇನ್ನೇನು ಕೆಲಸ?” ಮನೆ, ತೋಟ ಎರಡೂ ಅವನ ಕೈಯಲ್ಲೇ ಉಳಿಯಿತು. ಐದು ವರ್ಷದಿಂದ ಮಾತಿಲ್ಲ.

“ಇಗರ್ಜಿಯಲ್ಲಿ ಎಲ್ಲರ ಜೊತೆ ಪ್ರಾರ್ಥನೆ ಹೇಳ್ತೇನೆ. ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಅನ್ನುವ ಸಾಲು ಬಂದಾಗ ಮಾತ್ರ ಬಾಯಿ ಮುಚ್ತೇನೆ. ದೇವರೆದುರು ಸುಳ್ಳು ಯಾಕೆ ಮೇಡಂ?” ಅಂದರು.

ಪ್ರಾರ್ಥನಾ ಕೂಟದಲ್ಲಿ ಯಾರೋ ಇವರಿಗೆ ‘ಸುಮ್ನೆ ಮರೆತುಬಿಡಿ, ಕೇಸು ಗೀಸು ಬೇಡ’ ಅಂದಿದ್ದರು. ಇಂಥ ಮಾತು ಕೇಳಿದರೆ ನನಗೇ ಸಿಟ್ಟು ಬರುತ್ತದೆ.

ನಾನು ಬೈಬಲಿನಲ್ಲಿ ಮತ್ತಾಯನ ಹದಿನೆಂಟನೇ ಅಧ್ಯಾಯ ತೆಗೆದೆ. ಹತ್ತು ಸಾವಿರ ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಸಾಲ, ಮನ್ನಾ ಆದ ಆಳು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುವ ಕಥೆ. ಆ ನೂರು ದಿನಾರಿ ಏನೂ ಅಲ್ಲ ಅಂತ ನಾವು ಓದಿಬಿಡುತ್ತೇವೆ. ಒಂದು ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ. ನೂರು ದಿನದ ಕೂಲಿ ಸಣ್ಣ ದುಡ್ಡಾ? ಯೇಸುಸ್ವಾಮಿ ಆ ಸಾಲವನ್ನು ಸುಳ್ಳು ಅನ್ನಲಿಲ್ಲ. ಹಾಗಾಗಿ ಮೊದಲು ಲೆಕ್ಕ ಬರೆಯಿರಿ ಅಂದೆ, ತಮ್ಮನಿಂದ ನಿಮಗೆ ಏನೇನು ಬರಬೇಕು ಅಂತ.

ಬರೆದು ತಂದರು. ಮೊದಲ ಎರಡು ಪುಟ ಜಾಗ, ತೆಂಗಿನಕಾಯಿ, ಬಾಡಿಗೆ. ಮೂರನೇ ಪುಟದಲ್ಲಿ ಊಟದ ದಿನದ ಆ ಒಂದೇ ಮಾತು, ಅಷ್ಟೇ. ಅತ್ತದ್ದು ಅದನ್ನು ಓದುವಾಗ.

ಎರಡನ್ನೂ ಬೇರೆ ಮಾಡೋಣ ಅಂದೆ. ಜಾಗದ ಪುಟಗಳನ್ನು ವಕೀಲರಿಗೆ ಕೊಡಿ. ಉಯಿಲು ಇಲ್ಲದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಕ್ರೈಸ್ತರ ಮಗನಿಗೂ ಮಗಳಿಗೂ ಸಮಪಾಲು. ಪಾಲು ಕೇಳುವುದು ಹಗೆಯಲ್ಲ. ಆದರೆ ಮೂರನೇ ಪುಟವನ್ನು ಯಾವ ಕೋರ್ಟೂ ವಸೂಲಿ ಮಾಡಿಕೊಡುವುದಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಅವನಿಗೆ ಅವತ್ತು ಕೊಡಬೇಕಿದ್ದ ಉತ್ತರವನ್ನು ಐದು ವರ್ಷ ತಿದ್ದಿ ತಿದ್ದಿ ಹೇಳಿಕೊಂಡರೂ ಅದು ವಸೂಲಿ ಆಗಲಿಲ್ಲ, ಅಲ್ವಾ? ಅದನ್ನು ಮಾತ್ರ ಬಿಡಬೇಕು. ನೆನಪು ಬಂದಾಗ ತಡೆಯಬೇಡಿ, ‘ಇದನ್ನು ನಾನು ವಸೂಲಿ ಮಾಡುವುದಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ನಾಳೆ ಮತ್ತೆ ಬರುತ್ತದೆ, ಮತ್ತೆ ಹೇಳಿ. ಅದೇ ಅಧ್ಯಾಯದಲ್ಲಿ ಯೇಸುಸ್ವಾಮಿ ಎಪ್ಪತ್ತೇಳು ಸಲ ಕ್ಷಮಿಸು ಅಂದದ್ದು ಎಪ್ಪತ್ತೇಳು ಬೇರೆ ಬೇರೆ ತಪ್ಪುಗಳಿಗೆ ಅಂದುಕೊಳ್ಳುತ್ತೇವೆ, ನನ್ನ ಅನುಭವದಲ್ಲಿ ಜಾಸ್ತಿ ಸಲ ಅದು ಒಂದೇ ತಪ್ಪಿಗೇ ಬೇಕಾಗುತ್ತದೆ.

“ಹಾಗಾದ್ರೆ ಮನೆಗೆ ಹೋಗಿ ಬರಬೇಕಾ?” ಕೇಳಿದರು. ಈಗಲೇ ಬೇಡ ಅಂದೆ. ಬೈಬಲಿನ ಯೋಸೇಫನೂ ತನ್ನನ್ನು ಮಾರಿದ ಅಣ್ಣಂದಿರನ್ನು ಕಂಡ ಕೂಡಲೇ ಅಪ್ಪಿಕೊಳ್ಳಲಿಲ್ಲ. ಎಲ್ಲರಿಗಿಂತ ಕಿರಿಯ ಬೆನ್ಯಾಮೀನನನ್ನೂ ಬಿಟ್ಟು ಹೋಗುತ್ತಾರಾ ಅಂತ ನೋಡಿದ. ನಂಬಿಕೆ ಬರಬೇಕಾದರೆ ತಮ್ಮನೂ ಏನಾದರೂ ಮಾಡಬೇಕು.

ಒಂದು ವಿಷಯ ಅವರೇ ಹೇಳಿದರು. ಹಿಂದಿನ ಸೆಪ್ಟೆಂಬರ್ 8, ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬಕ್ಕೆ, ತಮ್ಮನ ಮಗಳು ತೆನೆಯ ಜೊತೆ ಸ್ಟೀಲ್ ಡಬ್ಬಿಯಲ್ಲಿ ಪಾಯಸ ತಂದಿದ್ದಳು. ಡಬ್ಬಿಯ ಮೇಲೆ ತಾಯಿಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು. ಪಾಯಸ ಚೆಲ್ಲಿದರು, ಡಬ್ಬಿ ಅಟ್ಟದಲ್ಲೇ ಉಳಿಯಿತು.

ಕಳೆದ ತಿಂಗಳು ಅದನ್ನು ಇಳಿಸಿ ತೊಳೆದರಂತೆ. ಖಾಲಿ ಡಬ್ಬಿ ಕೊಡಬಾರದಲ್ಲ, ಹಲಸಿನ ಹಪ್ಪಳ ತುಂಬಿಸಿ ಇಗರ್ಜಿಯ ಗೇಟಿನಲ್ಲಿ ಆ ಹುಡುಗಿಯ ಕೈಗೆ ಕೊಟ್ಟರು. ತಮ್ಮನ ಫೋನು ಬಂದಿಲ್ಲ. ಪಾಲಿನ ಕೇಸು ನಡೆಯುತ್ತಿದೆ. ವಾರದಲ್ಲಿ ನಾಲ್ಕು ದಿನ ನಿದ್ರೆ ಬರುತ್ತದೆಯಂತೆ.

“ಹಪ್ಪಳ ಕೊಟ್ಟದ್ದಕ್ಕೆ ಬೇಜಾರಿಲ್ಲ ಮೇಡಂ,” ಅಂದರು, “ಡಬ್ಬಿ ಕೊಡುವಾಗ ಸ್ವಲ್ಪ ಕೈ ಹಿಂದೆ ಬಂತು. ಅಮ್ಮನ ಹೆಸರಿತ್ತಲ್ಲ.”