ನೆಲ ಮುಟ್ಟದ ಚಕ್ರ, ಕಳಚುವ ಬಂಪರ್

ಪ್ರಶ್ನೆ: 1/24 ಅಳತೆಯ ಪ್ಲಾಸ್ಟಿಕ್ ಮಾದರಿ ಟ್ರಕ್‌ನ ಕಿಟ್ ಜೋಡಿಸುತ್ತಿದ್ದೇನೆ. ಮೇಜಿನ ಮೇಲಿಟ್ಟರೆ ಮುಂದಿನ ಎಡಚಕ್ರ ಎದ್ದು ನಿಲ್ಲುತ್ತದೆ. ಕ್ರೋಮ್ ಬಂಪರ್ ಅಂಟಿಸಿದ ಮರುದಿನವೇ ಕಳಚಿತು. ಏನು ಮಾಡಲಿ?

ಉತ್ತರ: ಬಹುಮಟ್ಟಿಗೆ ಇದು ಚಕ್ರದ ದೋಷವಲ್ಲ, ಚಾಸಿಯೇ (ಟ್ರಕ್ಕಿನ ತಳದ ಚೌಕಟ್ಟು) ತಿರುಚಿರುತ್ತದೆ. ಉದ್ದಪಟ್ಟಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಅಡ್ಡಪಟ್ಟಿ ಅಂಟಿಸಿದರೆ ಹೀಗಾಗುತ್ತದೆ. ದ್ರವ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಿ. ಅಷ್ಟರೊಳಗೆ ಅಲುಗಿದರೆ ಸೊಟ್ಟ ಹಾಗೇ ಉಳಿಯುತ್ತದೆ. ದಯವಿಟ್ಟು ಬಲವಂತವಾಗಿ ತಿರುಚಬೇಡಿ, ಸ್ಪ್ರಿಂಗ್ ಹಿಡಿಯುವ ತೆಳು ಕೊಂಡಿಗಳು ಮೊದಲು ಮುರಿಯುತ್ತವೆ. ಒಂದೆರಡು ಅಡ್ಡಪಟ್ಟಿಗಳ ಕೀಲನ್ನು ತೆಳುವಾದ ಗರಗಸದಿಂದ ಬಿಡಿಸಿ. ಪಟ್ಟಿಗಳ ಮೇಲಂಚು ನೇರವಾಗಿದ್ದರೆ ಚಾಸಿಯನ್ನು ದಪ್ಪ ಗಾಜಿನ ಮೇಲೆ ತಲೆಕೆಳಗಾಗಿಟ್ಟು, ನಾಲ್ಕು ಮೂಲೆಯೂ ತಾಗುವಂತೆ ಭಾರ ಹೇರಿ, ಆಮೇಲೆ ಅಂಟು ಹಾಕಿ. ಆಕ್ಸಲ್ ಅಂಟಿಸುವ ಮುನ್ನ ಅದನ್ನೂ ಚಕ್ರಗಳನ್ನೂ ಅಂಟಿಲ್ಲದೆ ಸಿಕ್ಕಿಸಿ ನೋಡಿ.

ಕ್ರೋಮ್ ಎಂದರೆ ಪ್ಲಾಸ್ಟಿಕ್ ಮೇಲಿನ ತೆಳು ಲೋಹದ ಪೊರೆ. ಅಂಟು ಅದನ್ನು ದಾಟಿ ಇಳಿಯುವುದಿಲ್ಲ. ಕೂಡುವ ಜಾಗದಲ್ಲಷ್ಟೇ, ಒಳಗಿನ ಪ್ಲಾಸ್ಟಿಕ್ ಬಣ್ಣ ಕಾಣುವವರೆಗೆ ಬ್ಲೇಡಿನ ತುದಿಯಿಂದ ಕೆರೆಯಿರಿ. ಚಾಸಿಯ ಕಡೆ ಬಣ್ಣವಿದ್ದರೆ ಅದನ್ನೂ ಕೆರೆಯಬೇಕು. ಅವಸರಕ್ಕೆ ಸೂಪರ್ ಗ್ಲೂ ಬೇಡ. ಅದರ ಆವಿ ಹೊಳಪಿನ ಮೇಲೂ ಕಿಟಕಿ ಗಾಜಿನ ಮೇಲೂ ಬಿಳಿ ಮಂಜಿನಂತೆ ಕೂರುತ್ತದೆ. ಕಿಟಕಿಗೆ, ಹೆಡ್‌ಲೈಟ್ ಮಸೂರಕ್ಕೆ ಬಿಳಿ ಮರದ ಅಂಟೇ ಸಾಕು, ಒಣಗಿದಾಗ ಪಾರದರ್ಶಕವಾಗುತ್ತದೆ.